ಎಡಕ್ಕೆ ಓಡುವ ಬಸ್ಸು

ದಾರ್ ಎಸ್ ಸಲಾಮಿನ ಗೆರೆಜಾನಿ ನಿಲ್ದಾಣದಲ್ಲಿ
ಮ್ವಾನಾಯಿದಿ ಟಿಕೆಟ್ ಹರಿದು ಕೊಡುತ್ತಾಳೆ.
ಹನ್ನೊಂದು ವರ್ಷ ದಲದಲ ವ್ಯಾನಿನ ಬಾಗಿಲಿಗೆ ಜೋತು
"ಕರಿಯಾಕೋ, ಕರಿಯಾಕೋ" ಎಂದು ಕೂಗಿ ಒಡೆದ ಗಂಟಲು.
ಈಗ ಗಾಜಿನ ಹಿಂದೆ ಪಿಸುಮಾತೇ ಸಾಕು.

ಇಸ್ತಾಂಬುಲಿನಲ್ಲಿ ತೊಗಲು ಹೊಲಿಯುವ ಅಣ್ಣ ಮ್ಸಾಫಿರಿ
ಬಸ್ಸು ಹತ್ತಿದೊಡನೆ ಫೋನು ಮಾಡುತ್ತಾನೆ.
ಅವನ ಬಸ್ಸು ಹೆಚ್ಚೋ, ಇವಳದೋ,
ದಿನಾ ಇದೇ ಜಗಳ.

"ನಿಮ್ಮಲ್ಲಿ ಬಸ್ಸಿನ ಮಟ್ಟಕ್ಕೇ ಕಟ್ಟೆಯಿದೆಯಾ?"
"ಇದೆ. ನಡುವೆ ನಾಲ್ಕು ಬೆರಳು ಸಂದು.
ಮೊನ್ನೆ ಒಬ್ಬ ಮುದುಕಿಯ ಚಪ್ಪಲಿ ನುಂಗಿತು."
"ಇಲ್ಲಿ ರಾತ್ರಿಯಿಡೀ ಓಡುತ್ತೆ."
"ಇಲ್ಲಿ ಮಳೆ ಬಂದರೆ ಜಂಗ್ವಾನಿಯಲ್ಲಿ
ಬಸ್ಸುಗಳು ಹೊಂಡಕ್ಕಿಳಿದ ಎಮ್ಮೆಗಳು."
"ಹತ್ತುವ ಮೊದಲೇ ದುಡ್ಡು?"
"ಮೊದಲೇ. ಬೈಗುಳವೂ ಮೊದಲೇ."
"ಇಲ್ಲಿ ಬೇಗ ಇಳಿದರೆ, ಕಾರ್ಡು ಮುಟ್ಟಿಸು,
ಮಿಕ್ಕ ದುಡ್ಡು ವಾಪಸ್ಸು."
"ಹೋಗೋ ಸುಳ್ಳ!
ದುಡ್ಡು ವಾಪಸ್ಸು ಕೊಟ್ಟ ಬಸ್ಸನ್ನು
ನಾನು ಹುಟ್ಟಿದಾಗಿನಿಂದ ಕಂಡಿಲ್ಲ."

ಅವನು ನಗಲಿಲ್ಲ.
"ಮ್ವಾನಾ, ಇಲ್ಲಿ ಊರಿಗೆ ಊರೇ ಬಲಕ್ಕೆ ಓಡುತ್ತೆ.
ಈ ಬಸ್ಸೊಂದು ಮಾತ್ರ, ಬೇಲಿಯೊಳಗಿನ ತನ್ನ ಓಣಿಯಲ್ಲಿ,
ಎಡಕ್ಕೆ. ನಮ್ಮಲ್ಲಿಯ ಹಾಗೆ.
ಕಟ್ಟೆ ನಡುವೆ, ಬಾಗಿಲು ಬಲಕ್ಕೆ, ಅದಕ್ಕೇ ಅಂತೆ.
ಕಾರಣ ಗೊತ್ತು ನನಗೆ.
ಆದರೂ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದರೆ..."

"ಮುಚ್ಚಿದರೆ?"

ಬಾಗಿಲ ಗಂಟೆ. ಆ ಕಡೆಯದೋ ಈ ಕಡೆಯದೋ.
ಯಾರೋ ಗಾಜು ಕುಟ್ಟಿದರು:
ಹತ್ತು ಸಾವಿರದ ನೋಟು,
ಇವಳ ಡಬ್ಬಿಯಲ್ಲಿ ಚಿಲ್ಲರೆಯಿಲ್ಲ.