೧೫ ಬಿಸಿ

ಸಲ್ಮಾಬಾದಿನ ಹಿಂದಿನ ಗಲ್ಲಿ. ಎಸಿ ಇಲ್ಲ.
ಶಟರಿನ ನೆರಳು ಎಲ್ಲಿ ಮುಗಿಯುತ್ತದೋ
ನನ್ನ ಗ್ಯಾರೇಜೂ ಅಲ್ಲಿಗೇ ಮುಗಿಯುತ್ತದೆ.
ಬದ್ರಿಯಾ ಮೇಡಂ ಲಾರಿಯ ಬೆನ್ನಿಗೆ ಕಟ್ಟಿಸಿ ತಂದಿಳಿಸಿದ್ದು
ಐವತ್ತೇಳರ ಮಾರಿಸ್ ಆಕ್ಸ್‌ಫರ್ಡ್:
ಮಂಕು ಹಸಿರು, ಗಂಟಲುಬ್ಬಿಸಿ ಕೂತ ಕಪ್ಪೆ.
"ಅಪ್ಪನ ಗಾಡಿ. ಒರಿಜಿನಲ್ ಪಾರ್ಟೇ ಬೇಕು."
ಭೂಗೋಳದ ಟೀಚರಾಗಿದ್ದವರು.
ಯಾವುದು ಎಲ್ಲಿ ಸಿಗುತ್ತದೆ ಎನ್ನುವುದು
ಅವರಿಗೆ ಬಾಯಿಪಾಠ. ನನಗೆ ಹೊಟ್ಟೆಪಾಡು.

ಹನ್ನೆರಡರ ಪಾನಾ ಕೂರುವುದಿಲ್ಲ, ಹದಿಮೂರು ಜಾರುತ್ತದೆ;
ಆ ನಟ್ಟಿಗೆ ಇಂಚಿನದೇ ಹಟ.
ರಬ್ಬರೆಂಬ ರಬ್ಬರೆಲ್ಲ ಹಪ್ಪಳವಾಗಿತ್ತು, ಮುಟ್ಟಿದರೆ ಚೂರು.
ಬರ್ಮಿಂಗ್‌ಹ್ಯಾಮಿಗೆ ಬರೆದೆ.
ಏಳು ವಾರಕ್ಕೆ ಬ್ರೇಕಿನ ಸಿಲಿಂಡರು ಬಂತು,
ಎರಡೂ ಎಡಗಡೆಯವು.
ಗುಜರಿಯ ಗುಲ್ ಜಮಾನ್ ಚಹಾ ಕೊಟ್ಟ, ಪಾರ್ಟು ಕೊಡಲಿಲ್ಲ.
"ಇಂಥದ್ದು ಮೂರಿದ್ದವು. ತೂಕಕ್ಕೆ ಹಾಕಿಬಿಟ್ಟೆ," ಅಂದ,
ಸತ್ತ ನೆಂಟರ ಸುದ್ದಿ ಹೇಳುವವನಂತೆ.

ಆ ರಾತ್ರಿ ಪುತ್ತೂರಿನ ಭಾವನಿಗೆ ಫೋನು.
ಅವನ ಹಿತ್ತಲಲ್ಲಿ ಅಂಬಾಸಿಡರೊಂದಿದೆ,
ಟ್ಯಾಕ್ಸಿ ಓಡಿ ಓಡಿ ಈಗ ಕೋಳಿಗೂಡು.
ಎರಡೂ ಒಂದೇ ಬಸಿರಿನವು ಮಾರಾಯ್ರೇ,
ಅಕ್ಕ ಇಲ್ಲಿಗೆ ಬಂದಳು, ತಂಗಿ ಬಂಗಾಳದಲ್ಲಿ ಹುಟ್ಟಿ
ನಮ್ಮ ಘಟ್ಟ ಹತ್ತಿಳಿದಳು.
ಮೂಳೆ ಒಂದೇ, ಮೊಣಗಂಟು ಒಂದೇ.
"ಕೋಳಿ ಎಬ್ಬಿಸು, ಬಿಚ್ಚು," ಅಂದೆ.
"ಒಂದು ಕಾವಿಗೆ ಕೂತಿದೆ," ಅಂದ.
ಹನ್ನೆರಡು ದಿನ ಕಾದೆ. ಮೇಡಂಗೆ ಹೇಳಿದ್ದು: ಹಡಗು ತಡ.

ಹಸನಬ್ಬನ ಪೆಟ್ಟಿಗೆಯಲ್ಲಿ ಬಂತು,
ಒಣಮೀನಿನ ಕೆಳಗೆ, ಕುಚ್ಚಲಕ್ಕಿಯ ನಡುವೆ.
ಏರ್‌ಪೋರ್ಟಿನಲ್ಲಿ ಕಿಂಗ್‌ಪಿನ್ ಎತ್ತಿ ಹಿಡಿದು
"ಶಿನೂ ಹಾದಾ?" ಎಂದರಂತೆ.
ಭಾಷೆ ಸಾಲದೆ ಹಸನಬ್ಬ ತನ್ನ ಮೊಣಕಾಲು ತಟ್ಟಿ ತೋರಿಸಿದ.
ಅಯ್ಯೋ ಪಾಪ ಎಂದು ಬಿಟ್ಟರು.

ಮುಂದಿನ ಚಕ್ರ ಮುಗಿಸಿ ಎಂಜಿನ್ನಿಗೆ ಕೈಹಾಕಿದೆ.
ರಾಕರ್ ಕವರು ಎತ್ತಿ, ಡೀಸೆಲಿನಲ್ಲಿ ತೊಳೆದು,
ಕಪ್ಪು ಜಿಡ್ಡು ಕೆರೆದು ಬೆಳಕಿಗೆ ಹಿಡಿದರೆ
ಒಳಮೈಯಲ್ಲಿ, ಮೊಳೆಯಿಂದ ಗೀರಿದ್ದು:
೧೫ ಬಿಸಿ.

ಕನ್ನಡ. ನಮ್ಮ ಅಂಕಿ.
ಟ್ಯಾಪೆಟ್ಟಿನ ಸಂದು ಹದಿನೈದು ಥೌ, ಎಂಜಿನ್ ಬಿಸಿಯಿರುವಾಗ.
ಇಷ್ಟೇ ಅರ್ಥ. ಆದರೂ
ಕೈಯಲ್ಲಿದ್ದ ಚಿಂದಿಬಟ್ಟೆ ಕೆಳಗೆ ಬಿದ್ದದ್ದು ಗೊತ್ತಾಗಲಿಲ್ಲ.
ಪಕ್ಕದ ಗ್ಯಾರೇಜಿಗೆ ಹೋಗಿ ತೋರಿಸೋಣವೆಂದರೆ
ಅಲ್ಲಿರುವವರು ಮಲಯಾಳಿಗಳು, ಓದಲು ಬಾರದು.
ಬಿಸಿಯ 'ಸಿ' ಸ್ವಲ್ಪ ಜಾರಿತ್ತು.
ಮುಚ್ಚಳ ಕೈ ಸುಡುತ್ತಿದ್ದಾಗಲೇ ಬರೆದಿರಬೇಕು.

ಮೇಡಂ ಕನ್ನಡಕ ಏರಿಸಿ ನೋಡಿದರು.
"ಒಬ್ಬನಿದ್ದ. ಶುಕ್ರವಾರ ಬರುತ್ತಿದ್ದ,
ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದ,
ನನಗೆ ಹುಣಸೆಯ ಉಂಡೆ ಕೊಡುತ್ತಿದ್ದ."
ಹೆಸರು?
"ರಫೀಕ್. ಎಲ್ಲರನ್ನೂ ರಫೀಕ್ ಎಂದೇ..."
ಮಾತು ಅರ್ಧಕ್ಕೆ ನಿಂತಿತು. ಆಮೇಲೆ,
ಗಾಡಿ ಬಿಟ್ಟು ನಾಲ್ಕು ತಿಂಗಳ ಮೇಲೆ,
ನನ್ನ ಹೆಸರು ಕೇಳಿದರು.
ಲೋಕಯ್ಯ, ಅಂದೆ.
ಲೂಕಾಯಾ, ಅಂದರು. ಮತ್ತೊಮ್ಮೆ ಅಂದರು.
ಸರಿಪಡಿಸಲು ಹೋಗಲಿಲ್ಲ, ಸನಿಹಕ್ಕೆ ಬಂದಿತ್ತು.

ಎಂಜಿನ್ ಕಾಯಿಸಿ, ಎಂಟು ಸಂದನ್ನೂ ಗೇಜಿನಲ್ಲಿ ಅಳೆದೆ.
ಏಳು ಹಾಳಾಗಿದ್ದವು. ಒಂದು ಮಾತ್ರ,
ಕೊನೆಯದು,
ಹದಿನೈದರ ತಗಡನ್ನು ತುಸು ಬಿಗಿಯಾಗಿ ಹಿಡಿದು ಬಿಟ್ಟಿತು.
ಅದನ್ನು ಮುಟ್ಟಲಿಲ್ಲ.

"ಎಲ್ಲ ಒರಿಜಿನಲ್ ತಾನೇ?"
ಹೌದು ಮೇಡಂ, ಎನ್ನುವಷ್ಟರಲ್ಲಿ
ಬಲಚಕ್ರದ ಗ್ರೀಸಿನಲ್ಲಿ ಅಂಟಿದ್ದ ಕೆಂಪು ಪುಕ್ಕವೊಂದನ್ನು
ಅವರೇ ಬಗ್ಗಿ ಎಳೆದು ತೆಗೆದರು.
ತಿರುಗಿಸಿ ನೋಡಿದರು. ನನ್ನನ್ನು ನೋಡಿದರು.
ಪರ್ಸಿನೊಳಗೆ ಇಟ್ಟುಕೊಂಡರು.

ಆಕ್ಸ್‌ಫರ್ಡ್ ಕೆಮ್ಮಿ, ಹೊರಟು, ತಿರುವಿನಲ್ಲಿ ಮರೆಯಾಯಿತು.
ನಿಂತ ಜಾಗದಲ್ಲಿ ಅಂಗೈಯಗಲ ಎಣ್ಣೆ.
ಸೋರಲಿ ಬಿಡಿ. ಸೋರುವುದು ನಿಂತರೆ
ಒಳಗೆ ಎಣ್ಣೆ ಮುಗಿದಿದೆ ಎಂದು ಲೆಕ್ಕ.