ಮಂಗಳವಾರ ರಜೆ

ಮೂವತ್ತು ವರ್ಷದಿಂದ ಹೊಂಡದ ಸರ್ಕಲ್ಲಿನ ಬಳಿ
ದಾವಣಗೆರೆಯ ಗಂಡಸರ ಮುಖಕ್ಕೆ ಬಗ್ಗಿ ನಿಂತವನು ನಾನು.
ಅವರು ಬಾಯಿ ಬಿಡುವುದೇ ಬೇಡ,
ನೊರೆ ಹಚ್ಚುವಾಗಲೇ ಗೊತ್ತಾಗುತ್ತದೆ
ಯಾರು ರಾತ್ರಿ ಏನು ಕುಡಿದರು, ಎಷ್ಟು,
ಮೇಲೆ ಏಲಕ್ಕಿ ಜಗಿದರೋ, ಸೋಂಪೋ.
ಮೂಗಿಗೆ ಬಂದದ್ದನ್ನು ನಾಲಿಗೆಗೆ ತಂದವನಲ್ಲ.
ಕಸುಬು ಹಾಗೆ.

ಆ ಭಾನುವಾರ ಕೊನೆಯ ಗಿರಾಕಿ ಎದ್ದ ಮೇಲೆ
ಕೊಟ್ರೇಶಿ ಬಂದು ಕೂತ.
ಪಿಯುಸಿ ಮೊದಲ ವರ್ಷ, ಮೇಲ್ತುಟಿಗೆ
ಇದ್ದಿಲಲ್ಲಿ ಗೀಚಿದಂಥ ಮೀಸೆ.
'ಪಕ್ಕ ಪೂರ್ತಿ ಇಳಿಸು, ಮ್ಯಾಲೆ ಬಿಡಪ್ಪ' ಅಂದ,
ಕನ್ನಡಿಯೊಳಗಿನ ನನಗೆ.
ಬಿಳಿ ಬಟ್ಟೆ ಕಟ್ಟಿ ಕಿವಿಯ ಹತ್ತಿರ ಬಗ್ಗಿದೆ.

ಪುದೀನದ ಚೂಯಿಂಗ್ ಗಮ್ಮು. ಅದರ ಕೆಳಗೆ
ಅದು.
ನಿನ್ನೆ ರಾತ್ರಿಯದು. ಅಗ್ಗದ್ದು. ನೀರು ಕಮ್ಮಿ.

ಕತ್ತರಿ ಗಾಳಿಯಲ್ಲೇ ಎರಡು ಸಲ ಆಡಿ ನಿಂತಿತು.
ಗೋಡೆಯ ಮೊಳೆಯಲ್ಲಿ ನಮ್ಮಪ್ಪನ ಕಾಲದ ಚರ್ಮದ ಪಟ್ಟಿ,
ಒಂದು ಬದಿ ಕತ್ತಿ ಮಸೆಯಲು, ಇನ್ನೊಂದು ನನ್ನ ಬೆನ್ನಿಗೆ.
ಏಟು ತಿಂದೂ ಕುಡಿದೆ ನಾನು.
ಏಟು ತಿಂದೆನಲ್ಲ ಅಂತ ಇನ್ನೂ ಸ್ವಲ್ಪ ಕುಡಿದೆ.

'ಯಾರ ಜೊತೆಗಿದ್ದೆ?'
'ತಿಪ್ಪೇಶನ ಮನೆ ಮಾಳಿಗಿ ಮ್ಯಾಲೆ.
ಅವರ ಮನ್ಯಾಗೆ ಯಾರೂ ಏನೂ ಕೇಳಲ್ಲ.'
'ಕೊಟ್ಟೋರ್ಯಾರು ನಿಮಗೆ?'
ಕನ್ನಡಿಯಲ್ಲಿ ನನ್ನನ್ನೇ ನೋಡಿದ.
'ನೀ ಕಳಿಸ್ತಿದ್ದೆಯಲ್ಲ, ಅದೇ ಅಂಗಡಿ.
ನಿನ್ನ ಹೆಸರು ಹೇಳಿದ್ರೆ ಕೊಡ್ತಾರೆ.'

ಮಂಗಳವಾರ ನಮಗೆ ರಜೆ.
ಅವನಿಗೆ ಒಂಬತ್ತು ತುಂಬಿದಾಗಿನಿಂದ
ಮುಷ್ಟಿಯಲ್ಲಿ ನೋಟು ತುರುಕಿ ಕಳಿಸಿದ್ದೇನೆ:
ಒಂದು ತೊಂಬತ್ತರ ಪ್ಯಾಕೆಟ್ಟು, ಐದು ರೂಪಾಯಿ ಖಾರ ಮಂಡಕ್ಕಿ,
ಚಿಲ್ಲರೆ ನಿಂದು.
ಮಕ್ಕಳ ಜೂಸಿನ ಡಬ್ಬಿಯ ಹಾಗೇ ಇರುತ್ತದೆ ಅದು,
ಕೊಳವೆಯೊಂದಿಲ್ಲ.
ಕತ್ತರಿ ಹಿಡಿದು ಅಪ್ಪನ ಬೆರಳು ಸೋತಿರುತ್ತವೆ ಅಂತ
ಮೂಲೆಯನ್ನು ಹಲ್ಲಲ್ಲಿ ಕಡಿದು ಕೊಡುತ್ತಿದ್ದ.
ಜಾಣ ಅಂದಿದ್ದೆ. ನೆಂಟರ ಮುಂದೆಯೂ ಅಂದಿದ್ದೆ.
ಮೊದಲ ಹನಿ ಅವನ ತುಟಿಗೆ ತಾಗಿದ್ದು ನಿನ್ನೆಯಲ್ಲ.

ಅರ್ಧ ತಲೆಗೆ ಎಬ್ಬಿಸಿ ಕಳಿಸುವಂತಿಲ್ಲ.
ಇನ್ನರ್ಧ ಮುಗಿಸಿದೆ, ಕತ್ತಿಗೆ ಪೌಡರು ಹಾಕಿ ಒರೆಸಿದೆ,
'ಮಂಗಳವಾರದ್ದು ನಾನೂ ಬಿಟ್ಟೆ' ಅಂದೆ.
'ನೋಡಾಣ' ಅಂದ.
ಸೈಕಲ್ಲು ಕೊಡಿಸು ಅಂದಾಗಲೆಲ್ಲ ನಾನು ಹೇಳುತ್ತಿದ್ದ ಮಾತು.

ಈಗ ಮಂಗಳವಾರ ಬಲು ಉದ್ದ.
ಸಂಜೆಯ ಆರು ಗಂಟೆ ಏಳಾಗುವುದೇ ಇಲ್ಲ.
ಹಾಲಮ್ಮ ಬೆಣ್ಣೆ ತಂದಿಟ್ಟಿರುತ್ತಾಳೆ, ಕಾವಲಿಯ ಮುಂದೆ ನಾನು.
ಮೊದಲೆರಡು ದೋಸೆ ಹರಿಯುತ್ತವೆ, ಮಗ ನಗುತ್ತಾನೆ.
ಎಲ್ಲಿಗೆ, ಯಾರ ಜೊತೆ, ಎಷ್ಟೊತ್ತಿಗೆ ಬರ್ತಿ.
ಮುಖ ಗಂಟು ಹಾಕುತ್ತಾನೆ. ಹೇಳುತ್ತಾನೆ.
ಒಂದು ಸಲ ಸುಳ್ಳು ಹೇಳಿದ, ನನಗೆ ಗೊತ್ತಾಯಿತು,
ಗೊತ್ತಾಯಿತೆಂದು ಅವನಿಗೂ.
ಚರ್ಮದ ಪಟ್ಟಿ ಇಳಿಸಿ ಟ್ರಂಕಿಗೆ ಹಾಕಿದೆ.
ಹೆಂಗೂ ಈಗೆಲ್ಲ ಬ್ಲೇಡು.

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಫೋನು:
'ಅಪ್ಪ, ಕುಂದವಾಡ ಕೆರೆ ಏರಿ ಮ್ಯಾಲೆ ಇದೀನಿ.
ತಿಪ್ಪೇಶಗೆ ನಿಲ್ಲಾಕೂ ಆಗ್ತಿಲ್ಲ, ಗಾಡಿ ಓಡಿಸ್ತೀನಿ ಅಂತಾನೆ.
ಬಾ. ಬೈಬ್ಯಾಡ.'
ಬೈಯಲಿಲ್ಲ. ಅಂಗಿ ಒಳಮೈ ಹೊರಗಾಗಿತ್ತು, ಹಾಗೇ ಹೊರಟೆ.

ತಿಪ್ಪೇಶನನ್ನು ನಡುವೆ ಕೂರಿಸಿಕೊಂಡು ಬಂದು
ಅವನ ಮನೆಯ ಬಾಗಿಲು ಬಹಳ ಹೊತ್ತು ತಟ್ಟಿದೆ.
ಲುಂಗಿಯಲ್ಲಿ ಬಂದು ಬಲ್ಬಿನ ಕೆಳಗೆ ನಿಂತರು ಅವರಪ್ಪ,
ನನ್ನ ಭಾನುವಾರದ ಗಿರಾಕಿ.
ಏಲಕ್ಕಿಯವರು.
ಮೂಗಿನಲ್ಲಿದ್ದದ್ದು ಆವತ್ತು ಬಾಯಿಗೆ ಬಂತು:
'ಯಜಮಾನ್ರೆ, ಹೊಡೀಬ್ಯಾಡ್ರಿ.
ಬೆಳಿಗ್ಗೆ ಎದ್ದ ಮ್ಯಾಲೆ ಕೇಳ್ರಿ. ನೀವೂ ಹೇಳ್ರಿ.'
ಮುಂದಿನ ಭಾನುವಾರ ಅವರು ಬರಲಿಕ್ಕಿಲ್ಲ.

ಆಮೇಲೆ ನಾವಿಬ್ಬರೇ.
ಅವನ ಹಣೆ ನನ್ನ ಬೆನ್ನಿಗೆ.
ಇವನೂ ಕುಡಿದಿದ್ದನೋ?
ಎದುರುಗಾಳಿ. ಈ ಮೂಗಿಗೆ ಏನೂ ದಕ್ಕಲಿಲ್ಲ.
ತಿರುಗದೆ ಗಾಡಿ ಓಡಿಸುತ್ತಾ
'ಉಂಡೆಯೇನಲೇ?' ಅಂದೆ.