ಹದಿನಾಲ್ಕು ಸಹಿ

ನಾರಾಯಣ ಪೇಠೆಯಲ್ಲಿ ನಮ್ಮ ಹಾಸ್ಟೆಲಿನ ಗೇಟು
ಎಂಟೂವರೆಗೆ ಮುಚ್ಚುತ್ತಿತ್ತು.
ಎಂಟು ಮೂವತ್ತೊಂದಕ್ಕೆ ಬಂದವಳು
ರೆಕ್ಟರ್ ಗೋಡ್ಬೋಲೆ ಬಾಯಿಯ ಎದುರು ನಿಂತು
ಕೆಂಪು ಶಾಯಿಯಲ್ಲಿ ಕಾರಣ ಬರೆಯಬೇಕು.
ಎಲ್ಲರೂ ಬರೆಯುತ್ತಿದ್ದದ್ದು ಒಂದೇ: ಬಸ್ಸು.

ಆ ವರ್ಷ ಆರು ತಿಂಗಳ ಮಟ್ಟಿಗೆ ಬಂದಳು ಮೆರಿಡಿತ್,
ಓಹಾಯೋದವಳು, ಮರಾಠಿ ಕಲಿಯಲಿಕ್ಕೆ.
ಎದೆಯ ಮೇಲೆ ಮೂರು ಗ್ರೀಕ್ ಅಕ್ಷರದ ಅಂಗಿ.
ಗಣಿತದ ಶೇವಂತಾ ಕೇಳಿದಳು, ಇದು ಯಾವ ಸೂತ್ರ?
ಸೂತ್ರವಲ್ಲ, ಅಕ್ಕತಂಗಿಯರು, ಅಂದಳು.
ಎಂಬತ್ತು ಮಂದಿ. ಒಂದೇ ಮನೆ.

ನಮಗೆ ಗೊತ್ತಿತ್ತು ಆ ಮನೆ.
ಲ್ಯಾಪ್‌ಟಾಪಿನಲ್ಲಿ ನೋಡಿದ್ದೆವು, ಒಂದು ಮಂಚದ ಮೇಲೆ ಹನ್ನೊಂದು ಜನ:
ಗುಲಾಬಿ ಗೋಡೆ, ಈಜುಕೊಳ, ದಿಂಬಿನ ಹತ್ತಿ ಹಾರುವ ರಾತ್ರಿ,
ಒಬ್ಬಳು ಕೆಟ್ಟವಳು, ಅವಳ ಕೂದಲು ಎಲ್ಲರಿಗಿಂತ ಚೆಂದ.
ಕೆಲವೊಮ್ಮೆ ಕೊಲೆಯೂ.

ಈಜುಕೊಳ ಇರಲಿಲ್ಲ, ಅಂದಳು ಮೆರಿಡಿತ್.
ಸೋಮವಾರ ಸಭೆ. ಬಾರದಿದ್ದರೆ ದಂಡ.
ಪಾತ್ರೆ ತೊಳೆಯುವ ಪಾಳಿ ಗೋಡೆಯ ಮೇಲೆ.
ಗಂಡಸರು ಮಹಡಿ ಹತ್ತುವಂತಿಲ್ಲ.
"ಅಯ್ಯ, ಅಲ್ಲೂ ಒಬ್ಬಾಕಿ ಗೋಡ್ಬೋಲೆ ಬಾಯಿ!" ಅಂದೆ, ಕನ್ನಡದಲ್ಲಿ.
ಯಾರಿಗೂ ತಿಳಿಯಲಿಲ್ಲ. ಎಲ್ಲರೂ ನಕ್ಕರು.

ನಮಗೆ ಅಕ್ಷರ ಇರಲಿಲ್ಲ. ಒಂದು ಬ್ಲೇಜರ್ ಇತ್ತು,
ಯಾವಳೋ ಮದುವೆಯಾಗಿ ಹೋಗುವಾಗ ಮೊಳೆಗೆ ಬಿಟ್ಟದ್ದು.
ಇಂಟರ್‌ವ್ಯೂ ಯಾರಿಗೋ ಅವರ ಅಳತೆ ಅದಕ್ಕೆ:
ತೋಳು ಉದ್ದವಾದರೆ ಒಳಗೆ ಪಿನ್ನು,
ಸೊಂಟ ಬಿಗಿಯಾದರೆ ಉಸಿರು ಹಿಡಿ.
ಜೇಬಿನಲ್ಲಿ ಹಿಂದಿನವಳ ಬಸ್ ಟಿಕೆಟ್ಟು,
ಅರ್ಧ ಕರಗಿದ ಪೆಪ್ಪರಮಿಂಟು,
ಒಮ್ಮೆ ಒಂದು ಚೀಟಿ: ಮೂರನೆಯ ಪ್ರಶ್ನೆಗೆ ಹೆದರಬೇಡ.

ಸೆಪ್ಟೆಂಬರಿನಲ್ಲಿ ಚಾನೆಲ್ಲಿನವರು ಬಂದರು.
ಎದುರಿನ ಟೆರೇಸಿನಿಂದ ತೆಗೆದರು.
ನಾವು ಒಣಹಾಕಿದ ಬಟ್ಟೆಗೆ ಕೆಂಪು ವೃತ್ತ,
ಕಿಟಕಿಗೆ ಮಸುಕು, ಹಿಂದೆ ಡೋಲು,
ಈ ಗೇಟಿನೊಳಗೆ ರಾತ್ರಿ ಏನು ನಡೆಯುತ್ತದೆ ಗೊತ್ತೇ?
ಆ ರಾತ್ರಿ ನಡೆದದ್ದು ಬಿಸಿನೀರಿನ ಬಕೆಟ್ಟಿನ ಜಗಳ.
ಅಥಣಿಯಿಂದ ಅಪ್ಪನ ಫೋನು:
"ನಿಮ್ಮ ಹಾಸ್ಟೆಲ್ ಟೀವ್ಯಾಗ ಬಂದಿತ್ತಲ್ಲ. ನೀ ಎಲ್ಲಿದ್ದಿ?"
"ಒಳಗಿದ್ದೆ."
"ಒಳಗ ಅಂದ್ರ?"

ಕರೆಂಟು ಹೋದ ಒಂದು ರಾತ್ರಿ ಮೆರಿಡಿತ್ ಹೇಳಿದಳು
ಸಿನಿಮಾದಲ್ಲಿ ಬಾರದ್ದನ್ನು.
ಹೊಸಬರನ್ನು ಮತ ಹಾಕಿ ಆರಿಸುತ್ತಾರೆ.
ತನ್ನದೇ ರೂಮಿನ ಹುಡುಗಿಯ ಹೆಸರು ಬಂದಾಗ
ಬೇಡವೆಂದ ಕೈಗಳ ನಡುವೆ ಇವಳದೂ ಇತ್ತಂತೆ.
ಯಾಕೆ?
ಎಲ್ಲರದೂ ಎದ್ದಿತ್ತು.

ಛೇ, ಅಂದಳು ಶೇವಂತಾ, ನಮ್ಮಲ್ಲಿ ಹಾಗಿಲ್ಲ.
ಮಂಚ ಖಾಲಿ ಇದ್ದರೆ ಯಾರೂ ಬರಬಹುದು.
ಹೌದೆಂದು ನಾನೂ ತಲೆಯಾಡಿಸಿದೆ, ಕತ್ತಲಲ್ಲಿ,
ಆಡಿಸುತ್ತಿರುವಾಗಲೇ ನೆನಪಾಯಿತು
ಹತ್ತನೇ ನಂಬರಿನ ಇಮ್ನಸೆನ್ಲಾ, ಮೊಕೊಕ್‌ಚುಂಗಿನವಳು,
ಅವಳಮ್ಮ ಕಳಿಸಿದ ಹುದುಗು ಬಂದ ಸೋಯಾಕಾಳು,
ಅದರ ವಾಸನೆ,
ಗೋಡ್ಬೋಲೆ ಬಾಯಿಗೆ ನಾವು ಬರೆದ ಅರ್ಜಿ.
ಹದಿನಾಲ್ಕು ಸಹಿ. ನಾಲ್ಕನೆಯದು ನನ್ನದು,
ಅಂದವಾಗಿ, ಕೆಳಗೆ ಗೆರೆ ಎಳೆದು.
ಮರುದಿನ ಡಬ್ಬಿ ಕಸದ ಬುಟ್ಟಿಯಲ್ಲಿತ್ತು.
ತೊಳೆದು ಎಸೆದಿದ್ದಳು.

ನವೆಂಬರಿನಲ್ಲಿ ಅವಳಿಗೂ ಇಂಟರ್‌ವ್ಯೂ ಬಂತು.
ಬ್ಲೇಜರ್ ಕೇಳಲಿಲ್ಲ. ಸ್ವೆಟರಿನಲ್ಲಿ ಹೋದಳು.
ಮೊಳೆಯ ಮೇಲೆ ಅದು ಇಡೀ ದಿನ ತೂಗಿತು.
ಯಾರೂ ಕೊಡಲಿಲ್ಲ ಅಂತ ಬರೆಯಬೇಕು,
ಬಸ್ಸು ಅಂತ ಅಲ್ಲ.

ಮೆರಿಡಿತ್ ಹೊರಡುವ ದಿನ ಫೋಟೋ.
ಅಕ್ಷರದ ಅಂಗಿ ಶೇವಂತಾಳ ಮೈಮೇಲೆ,
ಬ್ಲೇಜರ್ ಮೆರಿಡಿತಳ ಹೆಗಲ ಮೇಲೆ,
ಹದಿನೈದು ಮುಖ, ಹದಿನೈದೂ ನಗುತ್ತಿವೆ.
ನೋಡಿದವರು ಅನ್ನುತ್ತಾರೆ, ಎಷ್ಟು ಚೆಂದ, ಅಕ್ಕತಂಗಿಯರ ಹಾಗೆ.
ಆಮೇಲೆ ಎಡಮೂಲೆಯ ಕಂದು ಮಸುಕನ್ನು ತೋರಿಸಿ,
ಬೆರಳು ಅಡ್ಡ ಬಂದಿದೆ, ಇಷ್ಟು ಕತ್ತರಿಸಿಬಿಡು, ಅನ್ನುತ್ತಾರೆ.

ಕ್ಯಾಮೆರಾ ಹಿಡಿದವಳ ಹೆಬ್ಬೆರಳು ಅದು.
ಕತ್ತರಿಸಿಲ್ಲ.